ಕ್ವಾಯರ್ ಕಟ್ಟಿಕೊಂಡು ಲೈಪ್‌ಜಿಗ್ ಸುತ್ತುವುದು ಹೇಗೆ?

ಅವತ್ತು ನಮ್ಮ ಹಾಡಿನ ಕಛೇರಿ ಇದ್ದದ್ದು ಸಂಜೆ ಏಳೂವರೆಗೆ. ಮಧ್ಯಾಹ್ನ ಮೂರಕ್ಕೆ ನಾವು ಕ್ವಾಯರ್‌ನ, ಅಂದರೆ ಒಟ್ಟಿಗೆ ಹಾಡುವ ತಂಡದ, ಮೂವತ್ತೆಂಟು ಜನ ಜರ್ಮನಿಯ ಲೈಪ್‌ಜಿಗ್ ಊರಾಚೆಯ ಯುದ್ಧ ಸ್ಮಾರಕದ ಮೆಟ್ಟಿಲು ಹತ್ತುತ್ತಿದ್ದೆವು. 91 ಮೀಟರ್ ಎತ್ತರದ, ಕಪ್ಪು ಬಂಡೆಯಂಥ ಕಟ್ಟಡ ಅದು. ಒಳಗೆ ತಣ್ಣನೆ ಕಲ್ಲು, ಮೇಲೆ ಬೀಸುಗಾಳಿ. ಫೋಟೊ ತೆಗೆದುಕೊಂಡು ಖುಷಿಯಾಗಿ ಇಳಿದು ಬಂದೆವು. ಸಂಜೆ ವೇದಿಕೆ ಹತ್ತಿದ ಮೇಲೆ ಎಡವಟ್ಟು ಗೊತ್ತಾಯಿತು. ಉದ್ದನೆಯ ಸಾಲು ಬಂದಾಗಲೆಲ್ಲ ಸೊಪ್ರಾನೊ, ಅಂದರೆ ಎತ್ತರದ ಹೆಣ್ಣುದನಿಯವರಿಗೆ ಉಸಿರು ಸಾಲಲಿಲ್ಲ. ಬೇಸ್, ಅಂದರೆ ತಗ್ಗಿನ ಗಂಡುದನಿ ಕಡೆಯ ಹಿರಿಯರೊಬ್ಬರು ಮಧ್ಯದಲ್ಲೇ ಕುರ್ಚಿ ಕೇಳಿದರು. ಮೂರನೇ ಹಾಡು ಮುಗಿಯುವ ಹೊತ್ತಿಗೆ ಎಲ್ಲರ ಶ್ರುತಿ ಒಟ್ಟಿಗೇ ಕೆಳಗೆ ಜಾರಿತ್ತು. ಆ ದಿನದ ಸುತ್ತಾಟದ ಪಟ್ಟಿ ಬರೆದವಳು ನಾನೇ. ಈಗಲೂ ನೆನೆದರೆ ಬೇಸರವಾಗುತ್ತದೆ.

ನಾನು ಜರ್ಮನಿಯ ಒಂದು ಸಣ್ಣ ಊರಿನ ಕ್ವಾಯರ್‌ನಲ್ಲಿ ಆಲ್ಟೊ, ಅಂದರೆ ತಗ್ಗಿನ ಹೆಣ್ಣುದನಿ ಹಾಡುತ್ತೇನೆ. ಅಲ್ಲಿಂದಾಚೆಗೆ ಮತ್ತೊಮ್ಮೆ ಇದೇ ಊರಿಗೆ ಗುಂಪು ಕರೆದುಕೊಂಡು ಹೋಗಿದ್ದೇನೆ. ಎರಡನೇ ಸಲ ಪಟ್ಟಿ ಮಾಡುವಾಗ ಒಂದೇ ಮಾತು ತಲೆಯಲ್ಲಿತ್ತು. ಹಾಡುವವರು ಊರನ್ನು ಮೊದಲು ಕಿವಿಯಿಂದ ನೋಡಬೇಕು, ಕಣ್ಣು ಆಮೇಲೆ, ಕಾಲು ಕೊನೆಗೆ. ಲೈಪ್‌ಜಿಗ್ ಆ ಮಾತಿಗೆ ಹೇಳಿ ಮಾಡಿಸಿದ ಊರು. ಹೆಸರಾಂತ ಸಂಗೀತ ರಚನಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್ 1723ರಿಂದ 1750ರಲ್ಲಿ ಸಾಯುವವರೆಗೆ ಕೆಲಸ ಮಾಡಿದ್ದು ಇಲ್ಲೇ. ಇನ್ನೊಬ್ಬ ರಚನಕಾರ ಮೆಂಡೆಲ್ಸನ್ ಸತ್ತದ್ದು ಇಲ್ಲೇ. 1212ರಲ್ಲಿ ಶುರುವಾದ ಹುಡುಗರ ಕ್ವಾಯರ್ ಇವತ್ತಿಗೂ ಹೆಚ್ಚುಕಡಿಮೆ ಪ್ರತಿ ವಾರ ಇಲ್ಲಿ ಹಾಡುತ್ತದೆ.

ನಿಮ್ಮ ಗುಂಪು ಯುರೋಪಿನದ್ದಾಗಿರಲಿ, ಬೆಂಗಳೂರು, ಮಂಗಳೂರಿನ ಚರ್ಚಿನದ್ದಾಗಿರಲಿ, ಕೆಳಗಿನ ಹೆಜ್ಜೆಗಳು ಕೆಲಸಕ್ಕೆ ಬರುತ್ತವೆ.

ಹೆಜ್ಜೆ 1: ಮೊದಲು ಶುಕ್ರವಾರ, ಶನಿವಾರ ಗುರುತು ಹಾಕಿ

ಎಲ್ಲರೂ ಮೊದಲು ಹೋಟೆಲ್ ಹುಡುಕುತ್ತಾರೆ. ನೀವು ಮೊದಲು ಕ್ಯಾಲೆಂಡರ್ ತೆಗೆಯಿರಿ. ಸಂತ ಥಾಮಸ್ ಚರ್ಚಿನಲ್ಲಿ ಶುಕ್ರವಾರ ಸಂಜೆ 6ಕ್ಕೆ, ಶನಿವಾರ ಮಧ್ಯಾಹ್ನ 3ಕ್ಕೆ 'ಮೊಟೆಟ್' ಎಂಬ ಹಾಡಿನ ಪ್ರಾರ್ಥನೆ ನಡೆಯುತ್ತದೆ. ಥಾಮಸ್ ಹುಡುಗರ ಕ್ವಾಯರ್ ಹಾಡುವುದು ಅಲ್ಲಿ. ಶನಿವಾರ ಸಾಮಾನ್ಯವಾಗಿ ಬಾಖ್‌ನ ಒಂದು ಕಂಟಾಟಾ, ಅಂದರೆ ವಾದ್ಯಗಳ ಜೊತೆ ಹಾಡುವ ಹಲವು ಭಾಗಗಳ ರಚನೆ, ಕೂಡ ಇರುತ್ತದೆ. ಇದೇ ಊರಿನ ವಾದ್ಯವೃಂದವಾದ ಗೆವಾಂಡ್‌ಹೌಸ್ ಆರ್ಕೆಸ್ಟ್ರಾದವರು ಅದಕ್ಕೆ ವಾದ್ಯ ನುಡಿಸುತ್ತಾರೆ.

ಆದರೆ ಆ ಹುಡುಗರಿಗೂ ಶಾಲೆ ಇದೆ, ರಜೆ ಇದೆ, ಅವರೂ ಪ್ರವಾಸ ಹೋಗುತ್ತಾರೆ. ಅವರಿಲ್ಲದ ವಾರಗಳಲ್ಲಿ ಬೇರೆ ಕ್ವಾಯರ್‌ಗಳು ಬಂದು ಹಾಡುತ್ತವೆ. ಅದೂ ಚೆನ್ನಾಗಿಯೇ ಇರುತ್ತದೆ. ಆದರೂ ಹುಡುಗರನ್ನು ಕೇಳಬೇಕು ಎಂದು ಅಷ್ಟು ದೂರ ಬಂದವರಿಗೆ ನಿರಾಸೆ ಆಗುತ್ತೆ, ಅಲ್ವಾ? ಚರ್ಚಿನ ವೆಬ್‌ಸೈಟ್‌ನಲ್ಲಿ ಯಾವ ವಾರ ಯಾರು ಹಾಡುತ್ತಾರೆ ಎಂದು ಹಾಕಿರುತ್ತಾರೆ. ಅದನ್ನು ನೋಡಿಕೊಂಡೇ ದಿನ ಗೊತ್ತು ಮಾಡಿ. ಜೂನ್‌ನಲ್ಲಿ ಬಾಖ್ ಉತ್ಸವ ಇರುತ್ತದೆ. ಆಗ ಸಂಗೀತ ಬೇಕಾದಷ್ಟು ಸಿಗುತ್ತದೆ, ಹೋಟೆಲ್ ರೂಮು ಮಾತ್ರ ಸಿಗುವುದು ಕಷ್ಟ.

ಭಾರತದಿಂದ ಬರುವ ಗುಂಪಿಗೆ ಇನ್ನೊಂದು ಮಾತು. ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಇಡೀ ಗುಂಪಿನ ಅರ್ಜಿ ಎಂದಮೇಲೆ ಆದಷ್ಟು ಬೇಗ ಶುರು ಮಾಡಿ. ಕನಿಷ್ಠ 30,000 ಯೂರೊ ಖರ್ಚು ಭರಿಸುವ ಪ್ರಯಾಣದ ಆರೋಗ್ಯ ವಿಮೆ ಪ್ರತಿಯೊಬ್ಬರಿಗೂ ಬೇಕು. ನಿಮ್ಮನ್ನು ಕರೆಸುತ್ತಿರುವ ಚರ್ಚು ಅಥವಾ ಸಂಸ್ಥೆಯ ಪತ್ರದಲ್ಲಿ ಹಾಡುವ ದಿನ, ಜಾಗ, ಹಣ ಕೊಡುತ್ತಾರೋ ಇಲ್ಲವೋ ಎಲ್ಲ ಸ್ಪಷ್ಟವಾಗಿರಲಿ. 'ಬರೀ ನೋಡೋಕೆ ಹೋಗ್ತಿದ್ದೀವಿ' ಎಂದು ಬರೆದು ಅಲ್ಲಿ ವೇದಿಕೆ ಹತ್ತುವುದು ಬೇಡ.

ಹೆಜ್ಜೆ 2: ದಿನಗಳನ್ನು ಗಂಟಲಿನ ಲೆಕ್ಕದಲ್ಲಿ ಹಂಚಿ

ಒಂದು ಹಾಳೆ ತೆಗೆದುಕೊಳ್ಳಿ. ಅದರಲ್ಲಿ ಮೊದಲು ಕಛೇರಿಯ ಹೊತ್ತು ಬರೆಯಿರಿ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಕಛೇರಿಗೆ ಎರಡು ಗಂಟೆ ಮುಂಚೆ ಹಾಡುವ ಜಾಗದಲ್ಲಿ ತಾಲೀಮು. ಅದಕ್ಕೆ ಮುಂಚೆ ಎರಡು ಗಂಟೆ ರೂಮಿನಲ್ಲಿ ವಿಶ್ರಾಂತಿ, ಯಾರೂ ಎಲ್ಲಿಗೂ ಹೋಗುವಂತಿಲ್ಲ. ಉಳಿಯುವುದು ಬೆಳಗ್ಗೆ ಮಾತ್ರ. ಆ ಬೆಳಗ್ಗೆ ಒಂದೇ ಒಂದು ಜಾಗ ನೋಡಿ. ಅದೂ ಕೂತು ನೋಡುವಂಥ ಜಾಗ ಆಗಿರಲಿ.

ಬಂದಿಳಿದ ದಿನ ಏನೂ ಇಡಬೇಡಿ. ಹೆಚ್ಚೆಂದರೆ ಊಟದ ನಂತರ ಒಂದು ಸಣ್ಣ ಸುತ್ತು. ವಿಮಾನದ ಒಣಗಾಳಿಯಲ್ಲೋ ಬಸ್ಸಿನ ಎಸಿಯಲ್ಲೋ ಗಂಟಲು ಒಣಗಿರುತ್ತದೆ. ಅಷ್ಟು ಹೊತ್ತು ಮಾತಾಡಿ ದಣಿದೂ ಇರುತ್ತದೆ. ನಿಜ ಹೇಳಬೇಕೆಂದರೆ, ಪ್ರವಾಸದಲ್ಲಿ ದನಿ ಕೆಡುವುದು ಹಾಡಿನಿಂದ ಕಡಿಮೆ, ಬಸ್ಸಿನ ಇಂಜಿನ್ ಸದ್ದಿನ ಮೇಲೆ ಕೂಗಿ ಹರಟುವುದರಿಂದ ಜಾಸ್ತಿ.

ಬಸ್ ಬಾಡಿಗೆಗೆ ತೆಗೆದುಕೊಂಡಿದ್ದರೆ ಚಾಲಕರ ಸಮಯವನ್ನೂ ಲೆಕ್ಕಕ್ಕೆ ಸೇರಿಸಿ. ಯುರೋಪಿನ ಕಾನೂನಿನ ಪ್ರಕಾರ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು. 'ಇನ್ನೊಂದು ಅರ್ಧ ಗಂಟೆ ಅಡ್ಜಸ್ಟ್ ಮಾಡಿ' ಎಂಬ ನಮ್ಮೂರಿನ ಮಾತು ಅಲ್ಲಿ ನಡೆಯುವುದಿಲ್ಲ. ಅದು ಅವರ ಲೈಸೆನ್ಸ್ ಪ್ರಶ್ನೆ. ಲೈಪ್‌ಜಿಗ್ ಒಳಗೆ ಬಸ್ಸು ಬೇಕಾಗುವುದೂ ಇಲ್ಲ. ಹಳೇ ಊರನ್ನು ಸುತ್ತುವರಿದ ವರ್ತುಲ ರಸ್ತೆಯ ಒಳಗೇ ಬಹುತೇಕ ಎಲ್ಲವೂ ಇದೆ.

ಹೆಜ್ಜೆ 3: ಐದೈದು ಜನರ ಗುಂಪು ಮಾಡಿ

ಥಾಮಸ್ ಚರ್ಚಿನಿಂದ ನಿಕೊಲಾಯ್ ಚರ್ಚಿಗೆ ಒಬ್ಬರೇ ನಡೆದರೆ ಎಂಟು ನಿಮಿಷ. ನಲವತ್ತು ಜನ ನಡೆದರೆ ಇಪ್ಪತ್ತೈದು ನಿಮಿಷ. ಒಬ್ಬರು ಅಂಗಡಿ ಕಿಟಕಿ ಮುಂದೆ ನಿಲ್ಲುತ್ತಾರೆ, ಇಬ್ಬರು ಟಾಯ್ಲೆಟ್ ಹುಡುಕುತ್ತಾರೆ, ಇನ್ನೊಬ್ಬರು ಸಿಗ್ನಲ್ ಆಚೆ ಉಳಿದುಬಿಡುತ್ತಾರೆ.

ಅದಕ್ಕೇ ಐದೈದು ಜನರ ಗುಂಪು ಮಾಡಿ. ಐದೇ ಯಾಕೆ ಎಂದರೆ, ಲೈಪ್‌ಜಿಗ್‌ನ ಟ್ರಾಮ್‌ನಲ್ಲಿ 24 ಗಂಟೆಯ ಟಿಕೆಟನ್ನು ಐದು ಜನರವರೆಗೆ ಒಟ್ಟಿಗೆ ತೆಗೆದುಕೊಳ್ಳಬಹುದು. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅದು ಅಗ್ಗ. ಟಿಕೆಟ್ ಯಾರ ಕೈಯಲ್ಲಿ ಇರುತ್ತದೋ ಅವರೇ ಆ ಗುಂಪಿನ ಜವಾಬ್ದಾರಿ ಹೊರಲಿ. ಪ್ರತಿ ಗುಂಪಿನಲ್ಲೂ ನಾಲ್ಕು ದನಿಯವರು ಇರುವಂತೆ ನೋಡಿಕೊಳ್ಳಿ. ಒಬ್ಬ ಸೊಪ್ರಾನೊ, ಒಬ್ಬ ಆಲ್ಟೊ, ಒಬ್ಬ ಟೆನರ್ (ಎತ್ತರದ ಗಂಡುದನಿ), ಒಬ್ಬ ಬೇಸ್, ಜೊತೆಗೆ ಇನ್ನೊಬ್ಬರು. ಟೆನರ್‌ಗಳು ಸಾಲದೆ ಬಂದರೆ ಇದ್ದವರನ್ನೇ ಹಂಚಿ. ಹೀಗೆ ಮಾಡಿದರೆ ಎಲ್ಲೇ ಒಂದು ಒಳ್ಳೆಯ ಕಮಾನು ಸಿಕ್ಕರೂ ಆ ಐವರೇ ನಿಂತು ನಾಲ್ಕು ಸಾಲು ಹಾಡಬಹುದು. ನಮ್ಮ ಎರಡನೇ ಪ್ರವಾಸದಲ್ಲಿ ಜನ ಹೆಚ್ಚು ನೆನೆಸಿಕೊಳ್ಳುವುದು ಅಂಥ ಪುಟ್ಟ ಹಾಡುಗಳನ್ನೇ.

ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳಿ, ಸಾರ್ವಜನಿಕ ಟಾಯ್ಲೆಟ್‌ಗೆ ಬೇಕು. ನೀರಿನ ಬಾಟಲಿ ಮನೆಯಿಂದಲೇ ತನ್ನಿ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಅಂಗಡಿಯಲ್ಲಿ ಪ್ಲಾಸ್ಟಿಕ್ ಬಾಟಲಿ ಕೊಂಡರೆ 25 ಸೆಂಟ್ ಠೇವಣಿ ಸೇರಿಸುತ್ತಾರೆ. ಬಾಟಲಿ ವಾಪಸ್ ಕೊಟ್ಟರೆ ಅದು ಸಿಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ರೈಲು ನಿಲ್ದಾಣದ ಒಳಗಿನ ಕೆಲವು ಮಾತ್ರ ತೆರೆದಿರುತ್ತವೆ. ಗಂಟಲಿನ ಮಾತ್ರೆ, ಕಪ್ಪು ಕಾಲುಚೀಲ, ಎಲ್ಲ ಶನಿವಾರವೇ ತೆಗೆದುಕೊಂಡುಬಿಡಿ. ರಸ್ತೆಗಳಲ್ಲಿ ಕಲ್ಲಿನ ಹಾಸು ಜಾಸ್ತಿ. ಕಛೇರಿಯ ಹೀಲ್ಸ್ ಚೀಲದಲ್ಲಿರಲಿ.

ಹೆಜ್ಜೆ 4: ಥಾಮಸ್ ಚರ್ಚಿಗೆ ಎರಡು ಸಲ ಹೋಗಿ

ಒಂದು ಸಲ ನೋಡುವುದಕ್ಕೆ, ಇನ್ನೊಂದು ಸಲ ಕೇಳುವುದಕ್ಕೆ. ಎರಡನ್ನೂ ಒಂದೇ ಭೇಟಿಯಲ್ಲಿ ಮುಗಿಸಲು ಹೋದರೆ ಎರಡೂ ಅರೆಬರೆ ಆಗುತ್ತದೆ.

ನೋಡುವ ಭೇಟಿಗೆ ಬೆಳಗ್ಗೆ ಹೋಗಿ. ಮೊದಲು ಹೊರಗಿರುವ ಬಾಖ್ ಪ್ರತಿಮೆಯ ಹತ್ತಿರ ನಿಲ್ಲಿ. ಕಾರ್ಲ್ ಜೆಫ್ನರ್ ಮಾಡಿದ ಇದು 1908ರದ್ದು. ಹತ್ತಿರ ಹೋಗಿ ಕೋಟು ನೋಡಿ. ಒಂದು ಜೇಬು ಒಳಗಿನಿಂದ ಹೊರಕ್ಕೆ ಮಗುಚಿದೆ. ಕೈಯಲ್ಲಿ ಕಾಸಿಲ್ಲದ ಸಂಗೀತಗಾರ ಎಂದು ಗೈಡ್‌ಗಳು ಅದನ್ನು ತೋರಿಸುತ್ತಾರೆ. ಅಂಗಿಯ ಒಂದು ಗುಂಡಿಯೂ ಬಿಚ್ಚಿದೆ. ಈ ಕೆಲಸಕ್ಕೆ ಬಾಖ್ ಊರಿನವರ ಮೊದಲ ಆಯ್ಕೆ ಆಗಿರಲಿಲ್ಲ. ಟೆಲೆಮನ್ ಬರಲಿಲ್ಲ, ಗ್ರೌಪ್ನರ್‌ನನ್ನು ಅವನ ಧಣಿ ಬಿಟ್ಟುಕೊಡಲಿಲ್ಲ, ಆಮೇಲೆ ಬಾಖ್‌ಗೆ ಕೊಟ್ಟರು. ಶಾಲೆಯ ಹುಡುಗರಿಗೆ ಪಾಠ, ಪ್ರತಿ ಭಾನುವಾರಕ್ಕೆ ಸಂಗೀತ, ಊರಿನ ಮುಖ್ಯ ಚರ್ಚುಗಳ ಹಾಡಿನ ಹೊಣೆ, ಎಲ್ಲವೂ ಅವನ ತಲೆಯ ಮೇಲೆ. ವಾರವಾರ ತಾಲೀಮು ನಡೆಸುವ ನಿಮ್ಮ ಕಂಡಕ್ಟರ್‌ಗೆ ಅಲ್ಲಿ ನಿಂತಾಗ ಎದೆ ತುಂಬಿ ಬರದೇ ಇರುವುದಿಲ್ಲ.

ಒಳಗೆ ಹೋದರೆ ಎದುರಿಗೆ, ಬಲಿಪೀಠದ ಮುಂದೆ ನೆಲದಲ್ಲೇ ಸಮಾಧಿ ಇದೆ. ಕಂಚಿನ ಫಲಕ. ಅದರ ಮೇಲೆ ಬರೀ ಹೆಸರು. ಬಿರುದಿಲ್ಲ, ಸಾಲುಸಾಲು ಹೊಗಳಿಕೆ ಇಲ್ಲ. ಬಂದವರು ಹೂವಿಟ್ಟು ಹೋಗಿರುತ್ತಾರೆ. ನಾನು ನೋಡಿದಾಗ ಬಿಳಿ ಗುಲಾಬಿಯೊಂದು ಹೆಸರಿನ ಮೇಲೇ ಅಡ್ಡ ಮಲಗಿತ್ತು, ಅದರ ಕಾಂಡಕ್ಕೆ ಯಾರೋ ಕೂದಲಿನ ರಬ್ಬರ್ ಸುತ್ತಿದ್ದರು. ಬಾಖ್‌ನನ್ನು ಮೊದಲು ಹೂಳಿದ್ದು ಇಲ್ಲಲ್ಲ, ಊರಿನ ಗೋಡೆಯಾಚೆಯ ಸಂತ ಯೋಹಾನರ ಚರ್ಚಿನ ಸ್ಮಶಾನದಲ್ಲಿ, ಗುರುತಿನ ಕಲ್ಲೂ ಇಲ್ಲದೆ. 1894ರಲ್ಲಿ ಅಗೆದು ಹುಡುಕಿದರು. ಆ ಚರ್ಚು ಎರಡನೇ ಮಹಾಯುದ್ಧದಲ್ಲಿ ಹಾಳಾಯಿತು. 1950ರಲ್ಲಿ ಇಲ್ಲಿಗೆ ತಂದರು.

ಒಳಗೆ ಎರಡು ಆರ್ಗನ್ ಇವೆ. ಪಶ್ಚಿಮದ ಕಡೆಯದು 1889ರ ಝೌವರ್ ಆರ್ಗನ್. ಇನ್ನೊಂದು ಬಾಖ್‌ನ ಕಾಲದ ದನಿ ಬರುವಂತೆ 2000ದಲ್ಲಿ ಕೂರಿಸಿದ್ದು. ಕಿಟಕಿಗಳ ಬಣ್ಣದ ಗಾಜಿನಲ್ಲಿ ಬಾಖ್, ಲೂಥರ್, ಮೆಂಡೆಲ್ಸನ್ ಮೂವರೂ ಇದ್ದಾರೆ. ಹುಡುಕಿ.

ಹೆಜ್ಜೆ 5: ಮೊಟೆಟ್‌ಗೆ ಕೂರುವ ಬಗೆ

ಇದೇ ಪ್ರವಾಸದ ತಿರುಳು. ಉಳಿದ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಬಾಗಿಲು ಸುಮಾರು 45 ನಿಮಿಷ ಮುಂಚೆ ತೆರೆಯುತ್ತದೆ. ಅದಕ್ಕೂ ಮುಂಚೆಯೇ ಸಾಲು ಬೆಳೆದಿರುತ್ತದೆ. ಒಳಗೆ ಬಿಡುವಾಗ ಕಾರ್ಯಕ್ರಮದ ಹಾಳೆ ಕೊಡುತ್ತಾರೆ, ಅದಕ್ಕೆ ಸಣ್ಣ ಮೊತ್ತ ಕೊಡಬೇಕು. ನಲವತ್ತು ಜನ ಒಟ್ಟಿಗೆ ಕೂರಬೇಕೆಂದು ಹಟ ಹಿಡಿಯಬೇಡಿ. ಐದೈದು ಜನರ ಗುಂಪು ಮಾಡಿದ್ದು ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಹುಡುಗರು ಹಾಡುವುದು ಹಿಂಭಾಗದ ಮಹಡಿಯಿಂದ. ನೀವು ಕೂತಿರುವುದು ಬಲಿಪೀಠದ ಕಡೆ ಮುಖ ಮಾಡಿ. ಅಂದರೆ ಹಾಡುವವರು ನಿಮಗೆ ಕಾಣುವುದಿಲ್ಲ. ಮೊದಲ ಸಲ ನಮ್ಮವರೆಲ್ಲ ಕತ್ತು ತಿರುಗಿಸಿ ತಿರುಗಿಸಿ ನೋಡಿದರು. ಎರಡನೇ ಸಲ ಮೊದಲೇ ಹೇಳಿದ್ದೆ: ತಿರುಗಬೇಡಿ, ಸುಮ್ನೆ ಕಣ್ಣು ಮುಚ್ಚಿ ಕೂತುಕೊಳ್ಳಿ. ಸದ್ದು ಹಿಂದಿನಿಂದ, ಮೇಲಿನಿಂದ ಬಂದು ತಲೆಯ ಮೇಲೆ ಹಾದು ಮುಂದಿನ ಗೋಡೆಗೆ ಹೋಗುತ್ತದೆ. ನಿಮ್ಮ ದನಿಯವರನ್ನೇ ಹುಡುಕಿ ಕೇಳಿ. ನಾನು ಆಲ್ಟೊ ಹಿಡಿದು ಹೋದೆ. ಅಲ್ಲಿ ಅದನ್ನು ಹಾಡುವವರೂ ಹುಡುಗರೇ. ಪದದ ಕೊನೆಯ 'ತ್' ಅಕ್ಷರವನ್ನು ಅವರೆಲ್ಲ ಒಂದೇ ಕ್ಷಣದಲ್ಲಿ ಮುಚ್ಚುವುದನ್ನು ಕೇಳಿದ ಮೇಲೆ ನಮ್ಮ ಕಂಡಕ್ಟರ್ ತಾಲೀಮಿನಲ್ಲಿ ಯಾಕೆ ಅಷ್ಟು ಸಲ ಅದನ್ನೇ ಹೇಳುತ್ತಿದ್ದರು ಎಂದು ಅರ್ಥವಾಯಿತು.

ಮೊಜಾರ್ಟ್ ಕೂಡ 1789ರಲ್ಲಿ ಈ ಊರಿಗೆ ಬಂದಾಗ ಈ ಹುಡುಗರ ಬಾಯಲ್ಲಿ ಬಾಖ್‌ನ ಎರಡು ಕ್ವಾಯರ್‌ಗಳ ಮೊಟೆಟ್ (ಹಲವು ದನಿಗಳು ಹಾಡುವ ಭಕ್ತಿಗೀತೆಗೂ ಇದೇ ಹೆಸರು) ಕೇಳಿ ಬೆರಗಾಗಿದ್ದ. ಅದರ ಹಾಳೆಗಳನ್ನು ತರಿಸಿಕೊಂಡು ಸುತ್ತಲೂ ಹರಡಿ ಕೂತು ಓದಿದನಂತೆ.

ಇದು ಪ್ರಾರ್ಥನೆ ಎನ್ನುವುದು ನೆನಪಿರಲಿ. ಬೈಬಲ್ ಓದು ಇರುತ್ತದೆ, ಮಾತು ಇರುತ್ತದೆ. ಚಪ್ಪಾಳೆಗೆ ಆತುರ ಬೇಡ, ಅಕ್ಕಪಕ್ಕದವರನ್ನು ನೋಡಿ ನಡೆಯಿರಿ. ಫೋನ್ ತೆಗೆದು ರೆಕಾರ್ಡ್ ಮಾಡಲೇಬೇಡಿ. ಮಧ್ಯದಲ್ಲಿ ಒಂದು ಹಾಡನ್ನು ಬಂದವರೆಲ್ಲ ಸೇರಿ ಹಾಡುತ್ತಾರೆ. ಅದು ನಿಮ್ಮ ಸರದಿ. ಜರ್ಮನ್ ಬಾರದಿದ್ದರೂ ಪರವಾಗಿಲ್ಲ, ಸ್ವರ ಹಿಡಿಯಿರಿ.

ಕನ್ನಡದವರಿಗೆ ಇಲ್ಲೊಂದು ವಿಶೇಷ ಇದೆ. ಬಾಸೆಲ್ ಮಿಷನ್ ಕಾಲದಿಂದ ಮಂಗಳೂರು, ಧಾರವಾಡ ಕಡೆಯ ಚರ್ಚುಗಳಲ್ಲಿ ಹಳೆಯ ಜರ್ಮನ್ ಕೋರಲ್, ಅಂದರೆ ಚರ್ಚಿನ ಭಕ್ತಿಗೀತೆಗಳ ರಾಗಗಳಿಗೆ ಕನ್ನಡ ಮಾತು ಕೂರಿಸಿ ಹಾಡುತ್ತಾ ಬಂದಿದ್ದಾರೆ. ನಮ್ಮಜ್ಜಿ ಅಡುಗೆಮನೆಯಲ್ಲಿ ಗುನುಗುತ್ತಿದ್ದ ಒಂದು ರಾಗ ಅವತ್ತು ಥಾಮಸ್ ಚರ್ಚಿನಲ್ಲಿ ಆರ್ಗನ್ ಮೇಲೆ ಶುರುವಾಯಿತು. ಸುತ್ತಲೂ ನೂರಾರು ಜನ ಎದ್ದು ನಿಂತು ಜರ್ಮನ್‌ನಲ್ಲಿ ಹಾಡಿದರು. ನನ್ನ ಬಾಯಿಗೆ ಬಂದದ್ದು ಕನ್ನಡದ ಸಾಲು. ನಿಮ್ಮ ಗುಂಪಿನಲ್ಲಿ ಕರಾವಳಿಯ ಚರ್ಚಿನಲ್ಲಿ ಬೆಳೆದವರು ಇದ್ದರೆ ಅವರ ಕೈಯಲ್ಲೊಂದು ಕರವಸ್ತ್ರ ಇರಲಿ.

ಹೆಜ್ಜೆ 6: ಕಛೇರಿಯ ಬೆಳಗ್ಗೆ ಕೂತು ಕೇಳುವ ಜಾಗ

ಎರಡು ಆಯ್ಕೆ ಇವೆ. ಒಂದು, ಥಾಮಸ್ ಚರ್ಚಿನ ಎದುರಿಗೇ ಇರುವ ಬಾಖ್ ಮ್ಯೂಸಿಯಂ. ಬಾಖ್ ಮನೆಯವರ ಸ್ನೇಹಿತನಾಗಿದ್ದ ಬೋಸೆ ಎಂಬ ವ್ಯಾಪಾರಿಯ ಮನೆ ಅದು. ಬಾಖ್ ಇದ್ದ ಶಾಲೆಯ ಕಟ್ಟಡವನ್ನು 1902ರಲ್ಲಿ ಕೆಡವಿಬಿಟ್ಟರು, ಹಾಗಾಗಿ ನೆರೆಮನೆಯೇ ಈಗ ಗತಿ. ಹೌಸ್‌ಮನ್ 1748ರಲ್ಲಿ ಬರೆದ ಬಾಖ್‌ನ ಪ್ರಸಿದ್ಧ ಚಿತ್ರ ಇಲ್ಲಿದೆ. ಅವನ ಕೈಯಲ್ಲಿ ಒಂದು ಚೂರು ಸಂಗೀತದ ಹಾಳೆ ಇದೆಯಲ್ಲ, ಅದನ್ನು ಹತ್ತಿರದಿಂದ ನೋಡಿ. ಸೋಮವಾರ ಮ್ಯೂಸಿಯಂಗೆ ರಜೆ.

ಇನ್ನೊಂದು, ಗೋಲ್ಡ್‌ಸ್ಮಿಟ್ ಬೀದಿಯ 12ನೇ ನಂಬರಿನ ಮೆಂಡೆಲ್ಸನ್ ಮನೆ. ಕ್ವಾಯರ್‌ಗೆ ನನ್ನ ಓಟು ಇದಕ್ಕೇ. ಮೆಂಡೆಲ್ಸನ್ 1835ರಿಂದ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ನಡೆಸಿದ, 1843ರಲ್ಲಿ ಇಲ್ಲಿ ಸಂಗೀತ ಶಾಲೆ ತೆರೆದ, 1847ರ ನವೆಂಬರ್ 4ರಂದು ಇದೇ ಮನೆಯಲ್ಲಿ ಕಣ್ಣುಮುಚ್ಚಿದ. ಮೇಲಿನ ಮಹಡಿಯ ಮರದ ನೆಲ ಈಗಲೂ ಕಿರ್ರೆನ್ನುತ್ತದೆ. ಅವನೇ ಬರೆದ ಜಲವರ್ಣ ಚಿತ್ರಗಳು ಗೋಡೆಯ ಮೇಲಿವೆ. ಕೆಳಗೆ ಒಂದು ಕೋಣೆಯಲ್ಲಿ ಎತ್ತರದ ಧ್ವನಿಪೆಟ್ಟಿಗೆಗಳನ್ನು ಗುಂಪಾಗಿ ನಿಲ್ಲಿಸಿದ್ದಾರೆ. ಒಂದೊಂದರಿಂದ ಒಂದೊಂದು ವಾದ್ಯ ಅಥವಾ ದನಿ ಬರುತ್ತದೆ. ಮುಂದೆ ನಿಂತು ಕಡ್ಡಿ ಆಡಿಸಿದರೆ ಅದಕ್ಕೆ ತಕ್ಕಂತೆ ವೇಗ ಬದಲಾಗುತ್ತದೆ. ಪ್ರತಿಯೊಬ್ಬರಿಗೂ ಒಂದು ನಿಮಿಷ ಕೊಡಿ. ತಾಲೀಮಿನಲ್ಲಿ ತಲೆಯೆತ್ತದೆ ಹಾಳೆ ನೋಡಿಕೊಂಡೇ ಹಾಡುವವರು ಇಲ್ಲಿಂದ ಹೊರಬಂದ ಮೇಲೆ ಕಂಡಕ್ಟರ್ ಕಡೆ ನೋಡಲು ಶುರು ಮಾಡುತ್ತಾರೆ. ನಮ್ಮಲ್ಲಿ ಇಬ್ಬರು ಹಾಗೆ ಬದಲಾದರು. ಭಾನುವಾರ ಬೆಳಗ್ಗೆ 11ಕ್ಕೆ ಮೇಲಿನ ಸಣ್ಣ ಹಾಲಿನಲ್ಲಿ ಕಛೇರಿ ಇರುತ್ತದೆ. ಜಾಗ ಕಡಿಮೆ, ಮೊದಲೇ ಟಿಕೆಟ್ ಮಾಡಿಸಿ.

ಕಾಲಿಗೆ ಶಕ್ತಿ ಇರುವ ಬೇರೆ ದಿನ 'ನೋಟೆನ್‌ಶ್ಪೂರ್' ಹಿಡಿಯಬಹುದು. ನೆಲದಲ್ಲಿ ಹುದುಗಿಸಿದ ಬಾಗಿದ ಉಕ್ಕಿನ ಪಟ್ಟಿಗಳನ್ನು ನೋಡಿಕೊಂಡು ನಡೆಯುವ ಸಂಗೀತದ ದಾರಿ ಇದು. ಸುಮಾರು 5 ಕಿಲೋಮೀಟರ್, 23 ನಿಲ್ದಾಣ. ಸಂಗೀತಗಾರರಾದ ಶೂಮನ್ ದಂಪತಿ ಮದುವೆಯಾದ ಹೊಸತರಲ್ಲಿ ಇದ್ದ ಮನೆಯೂ ಈ ದಾರಿಯಲ್ಲಿದೆ. ಪೂರ್ತಿ ನಡೆಯಬೇಡಿ, ಎರಡು ಭಾಗ ಮಾಡಿಕೊಳ್ಳಿ.

ಹೆಜ್ಜೆ 7: ನಿಕೊಲಾಯ್ ಚರ್ಚು, ಆದರೆ ಸೋಮವಾರ

ಒಳಗೆ ಕಾಲಿಟ್ಟರೆ ತೆಂಗಿನ ತೋಟಕ್ಕೆ ಬಂದ ಹಾಗಿರುತ್ತದೆ. ಬಿಳಿಯ ಕಂಬಗಳ ತುದಿಯಲ್ಲಿ ತಾಳೆಗರಿಗಳು ಹಸಿರಾಗಿ ಹರಡಿಕೊಂಡಿವೆ. 18ನೇ ಶತಮಾನದ ಕೊನೆಯಲ್ಲಿ ಹೀಗೆ ಮಾಡಿಸಿದ್ದು.

ಯೇಸುವಿನ ಕೊನೆಯ ಯಾತನೆಯ ಕಥೆಯನ್ನು ಹಾಡಿನಲ್ಲಿ ಹೇಳುವ ಬಾಖ್‌ನ ಯೋಹಾನನ ಪ್ಯಾಶನ್ ಮೊದಲು ಹಾಡಿದ್ದು ಇಲ್ಲಿ, 1724ರ ಏಪ್ರಿಲ್ 7ರ ಶುಭ ಶುಕ್ರವಾರ. ಬಾಖ್ ಅದನ್ನು ಥಾಮಸ್ ಚರ್ಚಿನಲ್ಲಿ ಮಾಡಬೇಕೆಂದು ಕರಪತ್ರ ಅಚ್ಚು ಹಾಕಿಸಿದ್ದ. ಊರಿನ ಸಭೆಯವರು ಇಲ್ಲೇ ಆಗಬೇಕು ಎಂದರು. ಹಾಗಾದರೆ ಮಹಡಿಯಲ್ಲಿ ಹಾಡುವವರಿಗೆ ಜಾಗ ಮಾಡಿಕೊಡಿ, ಪಿಯಾನೊ ಥರದ ಹಾರ್ಪ್ಸಿಕಾರ್ಡ್ ವಾದ್ಯ ರಿಪೇರಿ ಮಾಡಿಸಿ ಎಂದು ಕೇಳಿಕೊಂಡ. ಕೊನೇ ಗಳಿಗೆಯಲ್ಲಿ ಹಾಡುವ ಜಾಗ ಬದಲಾಗುವ ಕಷ್ಟ ಪ್ರವಾಸ ಮಾಡಿದ ಯಾವ ಕ್ವಾಯರ್‌ಗೂ ಹೊಸದಲ್ಲ.

ಸೋಮವಾರ ಎಂದದ್ದು ಇದಕ್ಕೆ: 1982ರಿಂದ ಪ್ರತಿ ಸೋಮವಾರ ಸಂಜೆ 5ಕ್ಕೆ ಇಲ್ಲಿ ಶಾಂತಿಗಾಗಿ ಪ್ರಾರ್ಥನೆ ನಡೆಯುತ್ತದೆ. ಆಗ ಇದು ಪೂರ್ವ ಜರ್ಮನಿ. 1989ರ ಅಕ್ಟೋಬರ್ 9ರ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ವರ್ತುಲ ರಸ್ತೆಯಲ್ಲಿ ನಡೆದರು. ಗುಂಡು ಹಾರಿಸುತ್ತಾರೆ ಎಂಬ ಭಯ ಎಲ್ಲರಿಗೂ ಇತ್ತು. ಹಿಂಸೆ ಬೇಡ ಎಂಬ ಮನವಿಯನ್ನು ಆ ಸಂಜೆ ಊರಿನ ಧ್ವನಿವರ್ಧಕಗಳಲ್ಲಿ ಓದಿದರು. ಅದಕ್ಕೆ ಸಹಿ ಹಾಕಿದ ಆರು ಜನರಲ್ಲಿ ಗೆವಾಂಡ್‌ಹೌಸ್‌ನ ಕಂಡಕ್ಟರ್ ಕುರ್ಟ್ ಮಸೂರ್ ಒಬ್ಬರು. ಒಂದು ಗುಂಡೂ ಹಾರಲಿಲ್ಲ. ಒಂದು ತಿಂಗಳಿಗೆ ಬರ್ಲಿನ್ ಗೋಡೆ ಬಿತ್ತು. ಚರ್ಚಿನ ಹೊರಗೆ ಅಂಗಳದಲ್ಲಿ ಒಳಗಿನದೇ ಥರದ ಒಂದು ತಾಳೆಗರಿಯ ಕಂಬ ನಿಲ್ಲಿಸಿದ್ದಾರೆ. ಒಳಗಿದ್ದವರು ಬೀದಿಗೆ ಬಂದ ನೆನಪಿಗೆ.

ಇಲ್ಲಿ ಫೋಟೊ ಕಡಿಮೆ ತೆಗೆಯಿರಿ. ಸಂಜೆಯ ಪ್ರಾರ್ಥನೆಗೆ ಕೂತು ಬನ್ನಿ.

ಹೆಜ್ಜೆ 8: ತಿನ್ನುವುದು, ಕುಡಿಯುವುದು

ಸಸ್ಯಾಹಾರಿಗಳು ಇದ್ದರೆ ಎಚ್ಚರ. 'ಲೈಪ್‌ಜಿಗ್ ಅಲರ್ಲೈ' ಎಂಬ ಊರಿನ ಖ್ಯಾತ ಪದಾರ್ಥ ನೋಡಲು ತರಕಾರಿ ಸಾಗು ಥರ ಇರುತ್ತದೆ. ಬಟಾಣಿ, ಕ್ಯಾರೆಟ್, ಅಣಬೆ ಎಲ್ಲ ಸರಿ. ಆದರೆ ಸಂಪ್ರದಾಯದಂತೆ ಮಾಡಿದರೆ ಅದರಲ್ಲಿ ಸಿಹಿನೀರಿನ ಸಿಗಡಿಯೂ ಇರುತ್ತದೆ. ಕೇಳಿಯೇ ಆರ್ಡರ್ ಮಾಡಿ.

ಸಿಹಿಗೆ 'ಲೈಪ್‌ಜಿಗ್ ಲೆರ್ಖೆ' ತಿನ್ನಿ. ಲೆರ್ಖೆ ಎಂದರೆ ಬಾನಾಡಿ ಹಕ್ಕಿ. ಹಿಂದೆ ಇಲ್ಲಿ ಆ ಹಾಡುಹಕ್ಕಿಗಳನ್ನೇ ಹಿಡಿದು, ದಾರ ಕಟ್ಟಿ, ಬೇಯಿಸಿ ತಿನ್ನುತ್ತಿದ್ದರು. 1876ರಲ್ಲಿ ಬೇಟೆಗೆ ನಿಷೇಧ ಬಂತು. ಆಮೇಲೆ ಬೇಕರಿಯವರು ಅದೇ ಹೆಸರಿನಲ್ಲಿ ಬಾದಾಮಿ ತಿನಿಸು ಮಾಡಿದರು. ಅಂಗೈ ಮಧ್ಯೆ ಕೂರುವ ಪುಟ್ಟ ಬಟ್ಟಲು, ಮೇಲೆ ಹಿಟ್ಟಿನ ಎರಡು ಪಟ್ಟಿ ಅಡ್ಡಡ್ಡ. ಅದು ಹಕ್ಕಿಗೆ ಕಟ್ಟುತ್ತಿದ್ದ ದಾರದ ಗುರುತು. ಕಚ್ಚಿದರೆ ಮೊದಲು ಹೊರಗಿನದು ಪುಡಿಪುಡಿ, ಒಳಗೆ ಬಾದಾಮಿಯ ಮೆತ್ತನೆ ತೇವ, ತಳದಲ್ಲಿ ಹುಳಿಸಿಹಿ ಜಾಮ್. ಮೊಟ್ಟೆ ಇರುತ್ತದೆ. ಕಛೇರಿಗೆ ಮುಂಚೆ ಮಾತ್ರ ಬೇಡ, ಪುಡಿ ಗಂಟಲಲ್ಲಿ ಕೂರುತ್ತದೆ.

ಕಾಫಿಗೂ ಈ ಊರಿಗೂ ಹಳೇ ನಂಟು. ಬಾಖ್ 1729ರಿಂದ ವಿದ್ಯಾರ್ಥಿಗಳ ಸಂಗೀತ ತಂಡವೊಂದನ್ನು ನಡೆಸುತ್ತಿದ್ದ. ಅವರು ಹಾಡಿ ನುಡಿಸುತ್ತಿದ್ದದ್ದು ಝಿಮ್ಮರ್‌ಮನ್ ಎಂಬವನ ಕಾಫಿ ಅಂಗಡಿಯಲ್ಲಿ. ಕಾಫಿ ಬಿಡಲೊಲ್ಲದ ಮಗಳು, ಬಿಡಿಸಲು ಹೊರಟ ಅಪ್ಪ, ಇವರ ಮೇಲೆ ಅವನು ಒಂದು ಕಂಟಾಟಾವನ್ನೇ ಮಾಡಿದ್ದಾನೆ. ಆ ಕಟ್ಟಡ 1943ರ ಬಾಂಬ್ ದಾಳಿಯಲ್ಲಿ ಹೋಯಿತು. ಚಿಕ್ಕಮಗಳೂರಿನ ಕಾಫಿ ಕುಡಿದು ಬೆಳೆದ ನಾಲಿಗೆಗೆ ಇಲ್ಲಿಯ ಕಾಫಿ ಸ್ವಲ್ಪ ತೆಳು. ಆದರೂ ಕೂತು ಹರಟಲು ಕಾಫಿ ಅಂಗಡಿಗಳು ಚೆಂದ.

ಹೆಜ್ಜೆ 9: ಎಲ್ಲಿ ಹಾಡಬಹುದು, ಹೇಗೆ ಕೇಳಬೇಕು

ಒಳ್ಳೆಯ ಕಮಾನು ಕಂಡರೆ ಹಾಡುವವರ ಬಾಯಿ ಸುಮ್ಮನಿರುವುದಿಲ್ಲ. ಆದರೆ ಚರ್ಚಿನ ಒಳಗೆ ಕೇಳದೆ ಶುರು ಮಾಡಬೇಡಿ. ಅಲ್ಲಿ ಯಾರೋ ಪ್ರಾರ್ಥನೆಗೆ ಕೂತಿರಬಹುದು, ಆರ್ಗನ್ ನುಡಿಸುವವರು ಶ್ರುತಿ ಮಾಡುತ್ತಿರಬಹುದು. ಚರ್ಚು ನೋಡಿಕೊಳ್ಳುವವರ ಹತ್ತಿರ ಒಬ್ಬರೇ ಹೋಗಿ. ಎಷ್ಟು ಜನ, ಯಾವ ಹಾಡು, ಎಷ್ಟು ನಿಮಿಷ ಎಂದು ನೇರವಾಗಿ ಹೇಳಿ. ಮೂರು ನಿಮಿಷದ ಒಂದೇ ಹಾಡು ಎಂದರೆ ಸಣ್ಣ ಚರ್ಚುಗಳಲ್ಲಿ ಹಲವರು ಖುಷಿಯಿಂದ ಒಪ್ಪುತ್ತಾರೆ. ಇಲ್ಲ ಎಂದರೆ ಥ್ಯಾಂಕ್ಸ್ ಹೇಳಿ ಬನ್ನಿ. ಥಾಮಸ್, ನಿಕೊಲಾಯ್‌ನಂಥ ದೊಡ್ಡ ಕಡೆ ಹಾಡಬೇಕಿದ್ದರೆ ತಿಂಗಳುಗಳ ಮುಂಚೆ ಬರೆದು ಕೇಳಬೇಕು.

ಹೋಟೆಲಿನಲ್ಲಿ ರಾತ್ರಿ 10ರ ನಂತರ ಹಾಡಬೇಡಿ. ಜರ್ಮನಿಯಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು ಮಾಡಬಾರದ ಹೊತ್ತು. ಕಛೇರಿ ಚೆನ್ನಾಗಿ ಆದ ರಾತ್ರಿ ಇದನ್ನು ಪಾಲಿಸುವುದು ಕಷ್ಟ, ಆದರೂ ಪಾಲಿಸಿ.

ಹೆಜ್ಜೆ 10: ಸ್ಮಾರಕ ಕಛೇರಿಯ ಮಾರನೆಯ ದಿನ

1813ರ ಅಕ್ಟೋಬರ್‌ನಲ್ಲಿ ನೆಪೋಲಿಯನ್ ಇಲ್ಲಿ ಸೋತ. ನೂರು ವರ್ಷದ ನಂತರ, 1913ರ ಅಕ್ಟೋಬರ್ 18ಕ್ಕೆ ಈ ಸ್ಮಾರಕ ತೆರೆಯಿತು. 15ನೇ ನಂಬರ್ ಟ್ರಾಮ್ ಹತ್ತಿರಕ್ಕೇ ಹೋಗುತ್ತದೆ. ನೂರಾರು ಮೆಟ್ಟಿಲು. ಅರ್ಧದವರೆಗೆ ಲಿಫ್ಟ್ ಇದೆ, ಹಿರಿಯರು ಅದನ್ನೇ ಹಿಡಿಯಲಿ. ತುದಿಯವರೆಗೆ ಹತ್ತುವ ಹಟ ಎಲ್ಲರಿಗೂ ಬೇಡ. ಒಳಗಿನ ಗುಮ್ಮಟದ ಕೆಳಗೆ ನಿಂತರೆ ಸಾಕು. ಅದರ ಎತ್ತರ 68 ಮೀಟರ್. ಒಂದು ಸ್ವರ ಬಿಟ್ಟರೆ ಅದು ಮೇಲೆ ಹೋಗಿ, ಸುತ್ತಿ, ತುಂಬಾ ಹೊತ್ತಿನ ಮೇಲೆ ನಿಮ್ಮ ಹತ್ತಿರ ವಾಪಸ್ ಬರುತ್ತದೆ. ಇಲ್ಲಿ ಕಛೇರಿ ಮಾಡುವ ಕ್ವಾಯರ್ ಕೂಡ ಇದೆ.

ಎರಡನೇ ಸಲ ನಾವು ಹೀಗೇ, ಎಲ್ಲ ಮುಗಿದ ಮಾರನೆಯ ಬೆಳಗ್ಗೆ ಹೋದೆವು. ಬೇರೆ ಜನ ಕಡಿಮೆ ಇದ್ದರು. ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದೆವು, ತಲೆಯಾಡಿಸಿದರು. ಕಂಡಕ್ಟರ್ ಬೇಸ್‌ಗೆ ಒಂದು ಸ್ವರ ಕೊಟ್ಟರು. ಅದು ಮೇಲೇರುವವರೆಗೆ ಕಾದರು. ಆಮೇಲೆ ಟೆನರ್, ಆಮೇಲೆ ನಾವು, ಕೊನೆಗೆ ಸೊಪ್ರಾನೊ. ಬಾಯಿ ಮುಚ್ಚಿದ ಗುನುಗು ಮಾತ್ರ, ಮಾತಿಲ್ಲ. ಕೈ ಇಳಿಸಿದ ಮೇಲೂ ಗುಮ್ಮಟ ನಮ್ಮ ದನಿ ಹಿಡಿದುಕೊಂಡೇ ಇತ್ತು. ಹೋದ ಸಲ ಕುರ್ಚಿ ಕೇಳಿದ್ದ ಹಿರಿಯರು ಈ ಸಲ ಲಿಫ್ಟ್ ಪಕ್ಕದ ಕಲ್ಲಿಗೆ ಒರಗಿ ನಿಂತು ಅದು ಪೂರ್ತಿ ಆರುವವರೆಗೆ ಕೇಳಿದರು.

ಟ್ರಾಮ್ ಹತ್ತುವ ಮುಂಚೆ ದನಿವಾರು ತಲೆ ಎಣಿಸಿ.